ಮಹಾರಾಜರ ಭೋಂಗಾ

ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಚೆಂಬೂರಿನ ಶಾಲೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಟೀಚರ್ ಆಗಿದ್ದಾಳೆ ನಮ್ಮ ಹುಡುಗಿ. ಮಧ್ಯಾಹ್ನ ಫೋನು ಬಂದಾಗಿನಿಂದ ಕೂತಲ್ಲಿ ಕೂಡಲಾಗುತ್ತಿಲ್ಲ ನನಗೆ. ಬಿಲ್ಡಿಂಗಿನ ವಾಚ್‌ಮನ್‌ಗೂ ಹೇಳಿ, ಅವನ ಕೈಗೆ ಸಕ್ಕರೆ ಹಾಕಿ ಬಂದೆ.

ಶಾಲೆಯವರು ಮೊದಲು ಅವಳಿಂದ ಒಂದು ಪಾಠ ಮಾಡಿಸಿ ನೋಡಿದ್ದರು. ಅದಕ್ಕೆ ಅವಳು ಒಯ್ದದ್ದು ನನ್ನ ಲಟ್ಟಣಿಗೆ. "ಇದು ಲಟ್ಟಣಿಗೆ ಅಲ್ಲ, ಮತ್ತೇನು ತೋರಿಸಿ" ಎಂದು ಮಕ್ಕಳ ಕೈಗೆ ಕೊಟ್ಟಳಂತೆ. ಒಬ್ಬ ಕೊಳಲು ಊದಿದ, ಒಬ್ಬಳು ಲೋಕಲ್ ರೈಲಿನ ಹಿಡಿಕೆ ಅಂತ ಹಿಡಿದು ಜೋತಾಡಿದಳು. ಇವತ್ತು ಅದನ್ನು ಮರಳಿ ನನ್ನ ಕೈಗಿಟ್ಟಳು. ಹಿಟ್ಟಿನ ವಾಸನೆ ಇನ್ನೂ ಇತ್ತು. ಹಿಡಿದೆ, ಅಷ್ಟೇ... ಪರೇಲಿನ ನಮ್ಮ ಅಕ್ಕೋರು ಎದುರಿಗೆ ಬಂದು ನಿಂತರು.

ಅಕ್ಕೋರು ಅಂದರೆ ನಮ್ಮ ಕಡೆ ಟೀಚರಮ್ಮ. ಐವತ್ತರ ದಶಕದ ಮಾತು. ನಾವು ವಿಜಾಪುರದ ಕಡೆಯವರು. ಅಪ್ಪ ಪರೇಲಿನ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದ. ಅವ್ವ ನಾವಿದ್ದ ಚಾಳಿನ ಖೋಲಿಯಲ್ಲೇ ಖಾನಾವಳಿ ಇಟ್ಟು, ಸಂಸಾರ ಊರಲ್ಲಿ ಬಿಟ್ಟು ಬಂದ ಮಿಲ್ಲಿನ ಗಂಡಸರಿಗೆ ಊಟ ಹಾಕುತ್ತಿದ್ದಳು. ಅಕ್ಕೋರು ಉಡುಪಿ ಕಡೆಯವರು, ಮಾಟುಂಗದಿಂದ ಲೋಕಲ್ ಹಿಡಿದು ನಮ್ಮ ಕನ್ನಡ ಶಾಲೆಗೆ ಬರುತ್ತಿದ್ದರು. ಅವರು ಮಾತಾಡಿದರೆ ಪುಸ್ತಕ ಓದಿದ ಹಾಗೆ. ನಮ್ಮ ಮಾತು ಕೇಳಿ ಅವರು ನಗುವರು, ಅವರದು ಕೇಳಿ ನಾವು.

ಬೇರೆ ವರ್ಗದ ಮಕ್ಕಳು ನಾಟಕದ ಮಾತು ಬಾಯಿಪಾಠ ಮಾಡಿ ಮಾಡಿ ಬೇಸತ್ತಿದ್ದರೆ, ಅಕ್ಕೋರ ನಾಟಕದಲ್ಲಿ ನಮಗೆ ಬಾಯಿಪಾಠವೇ ಇರಲಿಲ್ಲ. ಡಬ್ಬಿಯ ಮುಚ್ಚಳ ಬಡಿದರೆ ಅದೇ ಸಂಗೀತ. "ನಿಮ್ಮಪ್ಪ ಮಗ್ಗದ ಮುಂದೆ ಹೇಗೆ ನಿಲ್ಲುತ್ತಾರೆ, ತೋರಿಸಿ" ಅನ್ನುವರು. ಖಟಾಖಟ್ ಖಟಾಖಟ್ ಎಂದು ಇಡೀ ವರ್ಗ ಕುಣಿಯುವುದು! ಒಮ್ಮೆ ನಾಟಕದ ನಡುವೆ ಕಿಟಕಿಯಿಂದ ಕಾಗೆ ಬಂತು. ನಾವು ಹೋ ಎಂದು ಓಡಿಸಲು ಹೋದೆವು. "ಓಡಿಸಬೇಡಿ ಮಾರಾಯ್ರೆ, ನೆಂಟರು ಬಂದಿದ್ದಾರೆ. ನಾಟಕದ ಒಳಗೆ ಕರೆಯಿರಿ" ಎಂದರು. ಅವತ್ತು ಕಾಗೆ ನಮ್ಮ ರಾಜನ ಮಾವನಾಯಿತು.

ನಾಲ್ಕನೇ ಇಯತ್ತೆ ಮುಗಿದರೆ ನನ್ನ ಸಾಲಿ ಬಿಡಿಸುವುದೆಂದು ಅಪ್ಪ ಹೇಳಿಯಾಗಿತ್ತು. ಖಾನಾವಳಿಗೆ ಕೈ ಬೇಕಿತ್ತಲ್ಲ. ನಾನು ಅತ್ತದ್ದು ಕಂಡು ಅಕ್ಕೋರು ಚಾಳಿಗೇ ಬಂದರು.

"ರೊಟ್ಟಿ ಬಡಿಯಾಕ ಸಾಲಿ ಯಾಕ ಬೇಕ್ರಿ ಅಕ್ಕೋರ?" ಎಂದ ಅಪ್ಪ.

"ಶಾಲೆಯ ಗ್ಯಾದರಿಂಗಿಗೆ ಬಂದು ಮಗಳ ನಾಟಕ ಒಮ್ಮೆ ನೋಡಿ. ಆಮೇಲೆ ನಿಮ್ಮ ಇಷ್ಟ."

"ಬರ್ತೀನ್ರಿ. ಭೋಂಗಾ ಆದ್ರ ಮಾತ್ರ ಎದ್ದ ಬಿಡಾಂವ."

ಭೋಂಗಾ ಅಂದರೆ ಮಿಲ್ಲಿನ ಸೀಟಿ. ಪರೇಲಿಗೆ ಅದೇ ಗಡಿಯಾರ, ಅದೇ ದೇವರು.

ಗ್ಯಾದರಿಂಗ್ ದಿನ ಶಾಲೆಯ ಅಂಗಳ ತುಂಬಿತ್ತು. ನಾಟಕದಲ್ಲಿ ರಾಜನಿಗೆ ಯಾವ ಬಟ್ಟೆಯೂ ಮನಸ್ಸಿಗೆ ಬರುವುದಿಲ್ಲ. ನಾನು ಬಾಗಿಲು ಕಾಯುವ ಸಿಪಾಯಿ. ಕೈಯಲ್ಲಿ ಅವ್ವನ ಲಟ್ಟಣಿಗೆ, ಅದೇ ನನ್ನ ಭರ್ಜಿ. ರಾಜ ಸಿಟ್ಟಿನಿಂದ ಎದ್ದು ನಿಂತ, ಬಾಯಿ ತೆರೆದ... ಭೋಂ ಎಂದಿತು ಭೋಂಗಾ!

ಗಂಡಸರೆಲ್ಲ ದಡಬಡ ಎದ್ದರು. ಮಧ್ಯಾಹ್ನದ ಪಾಳಿಯವರು ಎದ್ದದ್ದು ಸರಿ. ರಾತ್ರಿ ಪಾಳಿ ಮುಗಿಸಿ ಬಂದವರೂ ಎದ್ದರು, ರಜೆ ಇದ್ದವರೂ ಎದ್ದು ಚಪ್ಪಲಿ ಹುಡುಕಿದರು! ರಾಜ ಬಾಯಿ ತೆರೆದವನು ತೆರೆದೇ ನಿಂತ. ಅಪ್ಪ ಆಗಲೇ ಬೆನ್ನು ತಿರುಗಿಸಿದ್ದ. ನನ್ನ ಮಾತು ಒಂದೂ ಕೇಳಿರಲಿಲ್ಲ. ನನಗೆ ಆ ಕಾಗೆ ನೆನಪಾಯಿತು.

"ಏ! ಎಲ್ಲಿಗೆ ಹೊಂಟ್ರಿ ಎಲ್ಲಾರೂ?" ಎಂದು ಲಟ್ಟಣಿಗೆ ಎತ್ತಿ ಕೂಗಿದೆ. "ಇದು ಮಹಾರಾಜರ ಭೋಂಗಾ! ದರಬಾರಕ್ಕ ಹಾಜರಿ ಕೊಟ್ಟ ಹೋಗ್ಬೇಕ! ಏ ಟೊಪಿಗಿ, ಏನ ಕೆಲಸ ನಿಂದು?"

ಟೊಪ್ಪಿಗೆಯವನು ನಮ್ಮಪ್ಪ. ಅಂಗಳವೆಲ್ಲ ಗೊಳ್ಳೆಂದಿತು. ಅಪ್ಪ ತಿರುಗಿದ. ಹೊಡೆಯಲು ಬರುತ್ತಾನೆ ಅಂದುಕೊಂಡೆ. ಅವನು ಟೊಪ್ಪಿಗೆ ತೆಗೆದು ಕೈ ಮುಗಿದ.

"ಮಗ್ಗದಾಂವ ಅದೀನ್ರಿ, ಸರಕಾರ್."

"ಮಹಾರಾಜರಿಗೆ ಎಂಥಾ ಅರಿವಿ ನೇಯ್ತಿ?"

"ನೀವು ಹೆಂಗ ಹೇಳ್ತೀರಿ ಹಂಗ್ರಿ."

"ಹಂಗಾದ್ರ ಹೋಗ! ಲಗೂನ ನೇಯ್ದ ತಗೊಂಡ ಬಾ!"

ದರಬಾರಿನಲ್ಲಿ ನಡೆದ ಹಾಗೆ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಹೋದ ಅಪ್ಪ. ಗೇಟು ದಾಟಿದವನೇ ಮಿಲ್ಲಿನ ಕಡೆ ಓಟ ಕಿತ್ತ. ಚಾದರದ ಪರದೆಯ ಹಿಂದೆ ಅಕ್ಕೋರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು.

ಮರುದಿನ ಬೆಳಿಗ್ಗೆ ಅಪ್ಪ ಒಲೆಯ ಮುಂದೆ ಬಂದು ಕೂತ. "ಆಕಿ ಸಾಲೀಗೆ ಹೋಗ್ಲಿ. ರೊಟ್ಟಿ ನಾ ಬಡೀತೀನಿ."

"ನೀ ಬಡಿದ ರೊಟ್ಟಿ ಯಾರ ತಿಂತಾರ, ಮಹಾರಾಜರೇನು?" ಎಂದಳು ಅವ್ವ. ಆದರೂ ಸರಿದು ಜಾಗ ಕೊಟ್ಟಳು.

ಹಾಗೆ ನಾನು ಏಳನೆಯ ತನಕ ಕಲಿತೆ. ಅಷ್ಟೇ ನನ್ನ ಓದು. ಆದರೆ ನಾಲ್ಕು ಮಂದಿಯ ಮುಂದೆ ಮಾತಾಡಲು ಎಂದೂ ಹೆದರಿದವಳಲ್ಲ. ಅಕ್ಕೋರಿಗೆ ಬೇರೆ ಶಾಲೆಗೆ ವರ್ಗವಾಯಿತು. ಮತ್ತೆ ನೋಡಲೇ ಇಲ್ಲ... ಮುಂದೆ ಮಿಲ್ಲೂ ಹೋಯಿತು, ಭೋಂಗಾನೂ ಹೋಯಿತು. ಇವತ್ತಿನ ಸುದ್ದಿ ಮೊದಲು ಹೇಳಬೇಕಾದದ್ದು ಅವರಿಗೆ. ನನಗೇ ಇಷ್ಟು ವಯಸ್ಸಾಗಿದೆ, ಅವರು ಇನ್ನೆಲ್ಲಿ ಇದ್ದಾರು?

ರಾತ್ರಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ಇದೇ ಕಥೆ ಹೇಳಿ ಮುಗಿಸಿದ್ದೆ, ಒಳಗೆ ಕುಕ್ಕರ್ ಸೀಟಿ ಹೊಡೆಯಿತು. ನಾನು ಅಭ್ಯಾಸದಂತೆ ಎದ್ದೆ. ಮೊಮ್ಮಗಳು ಲಟ್ಟಣಿಗೆ ಅಡ್ಡ ಹಿಡಿದಳು.

"ಏ ಅಜ್ಜಿ, ಕಿಧರ್? ಹಾಜರಿ ಕೊಡು! ಏನು ಕೆಲಸ ನಿಂದು?"

ನಾನು ಸೆರಗು ಸರಿಮಾಡಿ ಕೈ ಮುಗಿದೆ. "ರೊಟ್ಟಿ ಬಡಿಯಾಕಿ ಅದೀನ್ರಿ, ಸರಕಾರ್."

"ಇವತ್ತು ಛುಟ್ಟಿ. ಕೂತುಕೋ, ಊಟ ಮಾಡು."

ಕೂತೆ. ಅವಳೇ ಬಡಿಸಿದಳು. ಎಲ್ಲರೂ ನಗುತ್ತಾ ಉಂಡೆವು.