ಕಡಿಮೆ ಮಾಡದ ಅಂಗಡಿ

ಬಸವನ ಬಾಗೇವಾಡಿಯಲ್ಲಿ ಬಟ್ಟೆ ಅಂಗಡಿ ತೆರೆದ ಹೊಸದರಲ್ಲಿ ಒಂದು ಮಧ್ಯಾಹ್ನ ಟೆಂಪೋ ಒಂದು ಬಂದು ಬಾಗಿಲಿಗೇ ನಿಂತಿತು. ಅದರಿಂದ ಇಪ್ಪತ್ತು ಜನ ಇಳಿದು, ಗಟ್ಟಿಯಾಗಿ ಮಾತಾಡುತ್ತ, ಚಪ್ಪಲಿ ಬಿಟ್ಟು ಒಳಗೆ ನುಗ್ಗಿದರು. ಜಗಳಕ್ಕೇ ಬಂದಿದ್ದಾರೆಂದು ನಾನು ತಿಳಿದೆ. ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ. ಅವರು ಪಕ್ಕದಲ್ಲಿದ್ದವರನ್ನು ವಿಚಾರಿಸಿ ನಗುತ್ತ ಹೇಳಿದರು: "ಹೆದರಬೇಡ ಮಾರಾಯ್ತಿ, ಚಹಾ ತರಿಸು. ಅವರು ಮದುವೆ ಬಟ್ಟೆಗೆ ಬಂದವರಂತೆ."

ಇಲ್ಲಿ ಅದಕ್ಕೆ ಬಸ್ತಾ ಎನ್ನುತ್ತಾರೆ. ಎರಡೂ ಕಡೆಯ ಬೀಗರು ಕೂಡಿ ಬಂದು ಮದುವೆಯ ಬಟ್ಟೆಯನ್ನೆಲ್ಲ ಒಂದೇ ಅಂಗಡಿಯಲ್ಲಿ ಆರಿಸುವುದು. ನಮ್ಮ ಉಡುಪಿಯ ಕಡೆ ನಾಲ್ಕು ಜನ ಹೋಗಿ, ದರದ ಬೋರ್ಡು ನೋಡಿ, ಚೀಲ ಹಿಡಿದು ಬರುತ್ತೇವೆ. ಇಲ್ಲಿ ಗಾದಿಯ ಮೇಲೆ ಕುಳಿತು, ಚೂಡಾ ತಿಂದು, ಸೀರೆಗಳ ರಾಶಿ ಹಾಕಿಸಿ, ಸಂಜೆಯ ತನಕ ಸಂಸಾರದ ಕಥೆಯೆಲ್ಲ ಮಾತಾಡುತ್ತಾರೆ. ನನಗೂ ಅದು ಇಷ್ಟವೇ ಆಯಿತು. ಕುಚ್ಚಲಕ್ಕಿ ಬಿಟ್ಟು ಜೋಳದ ರೊಟ್ಟಿ ಕಲಿತೆ, ಮಾತಿಗೊಮ್ಮೆ "ರಿ" ಹಚ್ಚುವುದನ್ನು ಕಲಿತೆ. ಕಲಿಯಲಾಗದ್ದು ಒಂದೇ, ಆ ಸಂಜೆಯ ಕೊನೆಯ ಮಾತು.

ಆ ದಿನ ಬಂದವರ ಹಿರಿಯ ಗುರಪ್ಪ. ಮದುಮಗನ ಸೋದರಮಾವ. ತಲೆಗೆ ಸುತ್ತಿದ ಬಿಳಿ ಪಟಗ, ದೊಡ್ಡ ಮೀಸೆ. ಅವನ ಅಕ್ಕ ನೀಲವ್ವ ಮದುಮಗನ ತಾಯಿ. ಹಸಿರು ಇಳಕಲ್ ಸೀರೆಯೊಂದನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯ ಮುಂದೆ ಸುಮ್ಮನೆ ನಿಂತಿದ್ದಳು. ಎಲ್ಲ ಆರಿಸಿ ಮುಗಿದ ಮೇಲೆ ಗುರಪ್ಪ ಗಂಟಲು ಸರಿಮಾಡಿಕೊಂಡ.

"ಆತು. ಇನ್ನ ಆಖೈರ ಮಾತ ಹೇಳ್ರಿ ಅಕ್ಕಾರ."

"ಹೇಳಿದ್ದೇ ಕೊನೆಯ ಮಾತು ಗುರಪ್ಪನವರೇ. ನಮ್ಮಲ್ಲಿ ಒಂದೇ ದರ."

"ಅದು ಬೋರ್ಡಿನ ಮಾತಾತು. ನನ್ನ ಮಾತಿಗಿ ಎಷ್ಟ ಬಿಡ್ತೀರಿ?"

"ಬಿಡಲಿಕ್ಕೆ ನಾನು ಹೆಚ್ಚಿಗೆ ಹಾಕಿಯೇ ಇಲ್ಲವಲ್ಲ."

ಇಪ್ಪತ್ತು ಜನರೂ ಹಿರಿಯನ ಮುಖ ನೋಡಿದರು. ಗುರಪ್ಪನಿಗೆ ಸಿಟ್ಟು ಬಂದಿರಲಿಲ್ಲ, ಅದೇ ನನ್ನನ್ನು ಕಂಗೆಡಿಸಿದ್ದು. ಬೀಗರ ಎದುರು ಮುಖ ಸಣ್ಣದು ಮಾಡಿಕೊಂಡು, "ಹಂಗಾರ ನಾ ಯಾಕ ಬರಬೇಕಿತ್ತು?" ಎಂದ. ಎಲ್ಲರೂ ಎದ್ದರು. ನೀಲವ್ವ ಸೀರೆಯನ್ನು ತಾನೇ ಮಡಚಿ ನನ್ನ ಕೈಗಿಟ್ಟು ಹೋದಳು. ಎದುರಿನ ಅಂಗಡಿಯಲ್ಲಿ ಅವರು ನನ್ನ ದರಕ್ಕಿಂತ ಹೆಚ್ಚೇ ಕೊಟ್ಟು, ದೊಡ್ಡ ರಿಯಾಯಿತಿ ಪಡೆದ ಖುಷಿಯಲ್ಲಿ ಟೆಂಪೋ ಹತ್ತಿದರೆಂದು ಆಮೇಲೆ ತಿಳಿಯಿತು.

ನನಗೆ ಮಳಿಗೆ ಬಾಡಿಗೆಗೆ ಕೊಟ್ಟ ಸಂಗಪ್ಪನವರು ನನ್ನ ಒಳ್ಳೆಯದಕ್ಕೇ ಹೇಳಿದರು. "ಇದರಾಗ ಸುಳ್ಳ ಎಲ್ಲೈತ್ರಿ ಅಕ್ಕಾರ? ಸ್ವಲ್ಪ ಹೆಚ್ಚ ಹೇಳ್ರಿ, ಅಷ್ಟ ಬಿಡ್ರಿ. ನಿಮಗೂ ಲುಕ್ಸಾನಿಲ್ಲ, ಅವರಿಗೂ ಲುಕ್ಸಾನಿಲ್ಲ. ಮಾವನ ಮರ್ಯಾದಿ ಉಳಿತೈತಿ. ಇದು ಮೋಸ ಅಲ್ಲ, ರಿವಾಜು."

ರಾತ್ರಿ ಊಟ ಮಾಡುವಾಗ ಗಂಡನೂ ಅದನ್ನೇ ಅಂದರು. ನಾನು ಯೋಚಿಸಲಿಲ್ಲವೆಂದಲ್ಲ. ಆದರೆ ಕೇಳಿ ಇಳಿಸಿಕೊಳ್ಳಲು ಎಲ್ಲರಿಗೂ ಗುರಪ್ಪನಂಥ ಮಾವ ಇರುವುದಿಲ್ಲ. ಕೂಲಿ ಮುಗಿಸಿ ಒಬ್ಬಳೇ ಬಂದು, ಮಗಳಿಗೊಂದು ಲಂಗದ ಬಟ್ಟೆ ಕೇಳಿ, ಹೇಳಿದಷ್ಟು ಕೊಟ್ಟು ಹೋಗುವ ಹೆಂಗಸು ಇದ್ದಾಳೆ. ಬಾಯಿ ಇಲ್ಲದವಳಿಂದ ಹೆಚ್ಚು ಕಿತ್ತು, ಬಾಯಿ ಇದ್ದವನಿಗೆ ಬಿಟ್ಟುಕೊಟ್ಟು, ಭಾನುವಾರ ಯಾವ ಮುಖ ಹೊತ್ತು ಪ್ರಾರ್ಥನೆಗೆ ಕೂರಲಿ? ನಮ್ಮ ಅಪ್ಪನೂ ಬಟ್ಟೆ ವ್ಯಾಪಾರಿಯೇ. ಯೇಸುಸ್ವಾಮಿ ಗಿರಾಕಿಯಾಗಿ ಬಂದರೆ ಹೇಳುವ ದರವನ್ನೇ ಎಲ್ಲರಿಗೂ ಹೇಳಬೇಕು ಎನ್ನುತ್ತಿದ್ದರು. ಉಡುಪಿಯಲ್ಲಿ ಅದು ಸುಲಭವಾಗಿತ್ತು, ಅಲ್ಲಿ ಯಾರೂ ಚೌಕಾಶಿಗೇ ಬರುತ್ತಿರಲಿಲ್ಲ. ಸುಲಭವಿದ್ದಾಗ ಪಾಲಿಸಿದ್ದನ್ನೇ ನಾನು ಭಕ್ತಿ ಎಂದುಕೊಂಡಿದ್ದೆ.

ಹೀಗೇ ವರ್ಷಗಳು ಕಳೆದವು. ಬಸ್ತಾದವರು ನನ್ನ ಅಂಗಡಿ ದಾಟಿಕೊಂಡು ಎದುರಿಗೆ ಹೋಗುತ್ತಾರೆ. ಟವೆಲ್ಲು, ಲಂಗ, ಶಾಲೆಯ ಸಮವಸ್ತ್ರ ಮಾರಿ ಹೇಗೋ ಬಾಡಿಗೆ ಹುಟ್ಟಿಸುತ್ತೇನೆ. ಭಾನುವಾರ ಬಾಗಿಲು ಹಾಕಿ ವಿಜಯಪುರದ ಬಸ್ಸು ಹಿಡಿದು ಚರ್ಚಿಗೆ ಹೋಗುತ್ತೇವೆ. ಬರುವಾಗ ಬಸ್ಸಿನಲ್ಲಿ ನಿದ್ದೆ. ದೇವರೇ, ನಿನ್ನ ಮಾತು ಕೇಳಿ ನಡೆಸುವ ಅಂಗಡಿಗೆ ನೀನಾದರೂ ನಾಲ್ಕು ಗಿರಾಕಿ ಕಳಿಸಬಾರದೇ ಎಂದು ಎಷ್ಟೋ ಸಲ ಜಗಳವಾಡಿದ್ದೇನೆ. ದಣಿದಿದ್ದೇನೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಈ ದೀಪಾವಳಿಗೆ ಗಂಡನ ನಿವೃತ್ತಿ, ಅಂಗಡಿಯ ಕರಾರೂ ಅಲ್ಲಿಗೆ ಮುಗಿಯುತ್ತದೆ. "ಊರಿಗೆ ಹೋಗುವ, ಸಾಕು" ಎನ್ನುತ್ತಾರೆ ಅವರು. ಉಡುಪಿಯಲ್ಲಿ ಅಣ್ಣ ಮೇಲಿನ ಮಹಡಿ ಖಾಲಿ ಮಾಡಿಸಿದ್ದಾನೆ. ಸಂಗಪ್ಪನವರು ಉತ್ತರಕ್ಕೆ ಕಾಯುತ್ತಿದ್ದರು. ನಾನು ಹೂಂ ಎನ್ನಬೇಕೆಂದೇ ಇದ್ದೆ.

ಕಳೆದ ವಾರ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಕಟ್ಟೆಯ ಮೇಲೆ ಒಬ್ಬರು ಕುಳಿತಿದ್ದರು. ಪಟಗ ಇರಲಿಲ್ಲವಾದ್ದರಿಂದ ಗುರುತು ಹತ್ತಲು ತಡವಾಯಿತು. ಗುರಪ್ಪ.

"ನಮ್ಮ ನೀಲಕ್ಕ ಹೋದ್ಳರಿ" ಎಂದ. "ಇವತ್ತ ಮಣ್ಣ ಐತಿ."

ಮುತ್ತೈದೆಯಾಗಿ ಹೋದ ಹೆಂಗಸನ್ನು ಮಣ್ಣು ಮಾಡುವಾಗ ಉಡಿಸುವ ಕೊನೆಯ ಸೀರೆ ತವರುಮನೆಯದು. ಅಣ್ಣ ತಮ್ಮಂದಿರು ತಂದು ಉಡಿಸಬೇಕು. ಎದುರಿನ ಅಂಗಡಿ ಆಗಲೇ ತೆರೆದಿತ್ತು. ಅವನು ನನಗಾಗಿ ಕಾದಿದ್ದ.

"ಅಕ್ಕಾರ, ಅಕಿ ಅವತ್ತ ಒಂದ ಹಸರ ಸೀರಿ ಹೆಗಲಿಗಿ ಹಾಕ್ಕೊಂಡಿದ್ಳು. ಐತೇನ್ರಿ?"

ಕಪಾಟಿನಲ್ಲಿ ಹಸಿರು ಸೀರೆ ಇತ್ತು. ಅದೇ ಬಣ್ಣ, ಅದೇ ಕೆಂಪು ಸೆರಗು. ತೆಗೆದು ಅವನ ಮುಂದೆ ಬಿಡಿಸಿದೆ. ಅವನು ಸೆರಗಿನ ಮೇಲೆ ಕೈಯಾಡಿಸಿದ. ಕಣ್ಣು ತುಂಬಿತ್ತು.

"ಇದ ಅಲ್ಲೇನ್ರಿ ಅದು?"

ಹೌದು ಎನ್ನಲು ನಾಲಿಗೆ ತುದಿಯವರೆಗೂ ಬಂದಿತು. ಯಾರಿಗೆ ಏನು ನಷ್ಟವಿತ್ತು? ಅಂಥ ಹೊತ್ತಿನಲ್ಲಿ ದೇವರು ಕೂಡ ಬೇರೆ ಕಡೆ ನೋಡುತ್ತಿದ್ದನೇನೋ.

"ಅಲ್ಲರಿ" ಎಂದೆ. "ಅದು ಮಾರಿಹೋಯಿತು. ಇದು ಅದರ ಹಾಗೇ ಇದೆ, ಆದರೆ ಅದಲ್ಲ."

ಅವನು ಸೆರಗಿನ ಮೇಲಿಂದ ಕೈ ತೆಗೆದ. ಈಗಲೂ ಎದ್ದು ಹೋಗುತ್ತಾನೆ ಎಂದುಕೊಂಡೆ, ನನ್ನ ಮೇಲೆ ನನಗೇ ಹೇಸಿಗೆ ಬಂತು.

"ಹೂಂ ಅಂದಿದ್ರ ನಂಬತಿದ್ನಿ" ಎಂದ. ಆಮೇಲೆ ಮೂಗು ಒರೆಸಿಕೊಂಡು, "ಕಟ್ರಿ. ಹೇಳಿದ ದರ. ಕಡೀ ಸೀರಿಗಿ ಚೌಕಾಶಿ ಮಾಡಬಾರದು, ಅದಕ್ಕ ನಿಮ್ಮಲ್ಲಿ ಬಂದೇನಿ. ಮಣ್ಣಿನ ಅರಿವಿ ಅಂದ್ರ ಊರಾಗ ಎಲ್ಲಾರೂ ನಿಮ್ಮ ಅಂಗಡೀನ ಹೇಳ್ತಾರ."

ಅದು ನನಗೆ ಗೊತ್ತೇ ಇರಲಿಲ್ಲ. ಬಿಳಿ ಬಟ್ಟೆ ಕೇಳಿ, ಬೆಲೆ ಮಾತಾಡದೆ ಕೊಟ್ಟು ಹೋಗುವವರನ್ನು ನಾನು ಆತುರದ ಜನ ಎಂದುಕೊಂಡಿದ್ದೆ. ಮದುವೆಗೆ ಎದುರಿನ ಅಂಗಡಿ, ಸಾವಿಗೆ ನನ್ನದು. ನಗಬೇಕೋ ಅಳಬೇಕೋ ತಿಳಿಯದೆ ಗಂಟು ಕಟ್ಟಿಕೊಟ್ಟೆ.

ಮೆಟ್ಟಿಲು ಇಳಿದವನು ತಿರುಗಿ ನಿಂತ. "ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ನಿಮ್ಮನ್ನ ನಿಮ್ಮ ಮಂದಿ ಮಣ್ಣ ಎಲ್ಲಿ ಮಾಡ್ತಾರ್ರಿ? ಇಲ್ಲೇನು, ನಿಮ್ಮ ಊರಾಗೇನು?"

"ಗೊತ್ತಿಲ್ಲರಿ" ಎಂದೆ. ಅದೂ ಸತ್ಯವೇ.

"ಇಲ್ಲೇ ಆದ್ರ ಹೇಳಿ ಕಳಸ್ರಿ. ಸೀರಿ ನಾ ತರ್ತೇನಿ" ಎಂದು ಹೋದ.

ಆ ಸಂಜೆ ಸಂಗಪ್ಪನವರಿಗೆ ಇನ್ನೊಂದು ವರ್ಷ ಎಂದು ಹೇಳಿಬಂದೆ. ಗಂಡ ತಟ್ಟೆ ನೋಡುತ್ತ ರೊಟ್ಟಿ ಮುರಿದರು. ಅಣ್ಣ ಫೋನಿನಲ್ಲಿ, "ನಿನ್ನ ಊರು ಯಾವುದು ಹಾಗಾದರೆ?" ಎಂದು ರೇಗಿದ. ಸೀರೆಯ ಬೆಲೆಗೆ ಎಂದೂ ಎರಡು ಮಾತಾಡದವಳು ನಾನು. ಇದಕ್ಕೆ ಮಾತ್ರ ನನ್ನ ಬಳಿ ಎರಡು ಉತ್ತರಗಳಿದ್ದವು, ಎರಡರಲ್ಲೂ ಸುಳ್ಳಿರಲಿಲ್ಲ.