ಮಿಸ್ತ್ರಿ ಕಟ್ಟಿಕೊಟ್ಟ ಗಂಟು

ಮೊನ್ನೆ ಸುತ್ತಿಗೆ ಹುಡುಕುತ್ತ ಕಪಾಟಿನ ಮೇಲೆ ಕೈಯಾಡಿಸಿದಾಗ, ಮರಾಠಿ ಪತ್ರಿಕೆಯಲ್ಲಿ ಸುತ್ತಿ ಸುತಳಿ ಬಿಗಿದ ಗಂಟೊಂದು ಸಿಕ್ಕಿತು. ಮೂಗಿಗೆ ಹಿಡಿದೆ. ಹಳೆಯ ಗ್ರೀಸು, ಒಣಗಿದ ರಬ್ಬರು, ಅದರೊಳಗೆಲ್ಲೋ ದನದ ಮೇವಿನಂಥ ಸಣ್ಣ ವಾಸನೆ. ತಕ್ಷಣ ನನ್ನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಒಂಬತ್ತು ವರ್ಷವಾದರೂ ಕಾಲಿಗೆ ನೆನಪಿದೆ. ತಲೆ ಮಾತ್ರ ತನ್ನ ಅನುಕೂಲ ನೋಡಿಕೊಂಡು ಮರೆತಿತ್ತು.

ಆಗ ನಾನು ಗಡಿಯಾಚೆಯ ಬಾಲಗಾಂವದಲ್ಲಿ ಕನ್ನಡ ಶಾಲೆಯ ಮಾಸ್ತರ. ನನ್ನ ಬಳಿ ಹಳೆಯ ಫೋರ್‌ವ್ಹೀಲ್ ಜೀಪೊಂದಿತ್ತು. ಬೆರಳೆಣಿಕೆಯಷ್ಟು ದಿನ ಮಳೆಯಾಗುವ ತಾಲೂಕಿನಲ್ಲಿ, ಶಾಲೆಗೆ ನಾಲ್ಕು ನೂರು ಹೆಜ್ಜೆ ನಡೆಯಬೇಕಾದ ಮನುಷ್ಯನಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿ ಎಷ್ಟು ಅಗತ್ಯವೆಂಬುದನ್ನು ನೀವೇ ಊಹಿಸಿ. ಸಣ್ಣ ಲಿವರ್ ಎಳೆದರೆ ಎದುರಿಗೆ ಹಸಿರು ದೀಪ ಹತ್ತುತ್ತಿತ್ತು. ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ನಾನು ಆ ದೀಪವನ್ನು ತೋರಿಸುತ್ತಿದ್ದೆ.

ಒಮ್ಮೆ ನಿಜವಾಗಿಯೂ ಮಳೆ ಬಂತು. ಹೆಂಡತಿಯ ತಮ್ಮ ಮಹಾದೇವನ ಎರೆಹೊಲದಲ್ಲಿ ಜೀಪು ಹುಗಿದುಕೊಂಡಿತು. ಲಿವರ್ ಎಳೆದೆ. ದೀಪ ಹತ್ತಿತು. ಹಿಂದಿನ ಚಕ್ರಗಳು ಕೆಸರು ಹಾರಿಸಿದವು. ಮುಂದಿನವು ಉಪಚಾರಕ್ಕೆ ಕಾದು ಕುಳಿತ ಬೀಗರಂತೆ ಅಲುಗಲಿಲ್ಲ.

“ದೀಪ ಭಾಳ ಚಲೋ ಹತ್ತೈತ್ರಿ ಮಾಮಾ,” ಎಂದ ಮಹಾದೇವ. “ಟ್ರ್ಯಾಕ್ಟರ್ ಕರೀಲೋ, ಇಲ್ಲಾ ಇನ್ನಷ್ಟು ಹೊತ್ತು ದೀಪ ನೋಡೂಣೋ?”

ನಮ್ಮ ತಾಲೂಕಿನ ಊರು ಜತ್ತದ ಬಸ್‌ಸ್ಟ್ಯಾಂಡಿನ ಹಿಂದೆ ದಸ್ತಗೀರ ಮಿಸ್ತ್ರಿಯ ಗ್ಯಾರೇಜು. ಆತ ಜೀಪಿನ ಕೆಳಗೆ ಹೋಗಿ ಬೆರಳುಗಾತ್ರದ ಒಂದು ರಬ್ಬರ್ ಪೈಪಿನ ತುದಿ ಬಿಚ್ಚಿ, ಬಾಯಲ್ಲಿಟ್ಟು ಗಾಳಿ ಎಳೆದು, ತುದಿಗೆ ನಾಲಿಗೆ ಒತ್ತಿ ಹಿಡಿದ. ಒಳಗೆಲ್ಲ ಸರಿಯಿದ್ದರೆ ಪೈಪು ನಾಲಿಗೆಗೆ ಕಚ್ಚಿಕೊಂಡು ಜೋತಾಡುತ್ತದೆ. ನನ್ನದು ಜಾರಿ ಬಿತ್ತು.

“ಹಿಡೀವಲ್ದು,” ಎಂದು ಉಗುಳಿದ. “ಮಾಸ್ತರ್ರ, ನಿಮ್ಮ ಗಾಡಿ ಇಷ್ಟು ದಿನ ಫೋರ್‌ವ್ಹೀಲ್ ಇದ್ದದ್ದು ದೀಪದಾಗ ಅಷ್ಟ.”

ಸಂಗತಿ ಇಷ್ಟು. ಮುಂದಿನ ಆಕ್ಸಲ್ಲಿನ ಒಂದು ಬದಿಯ ಶಾಫ್ಟು ಎರಡು ತುಂಡು. ಬೇಕಾದಾಗ ಒಂದು ಬಳೆ ಸರಿದು ಎರಡನ್ನೂ ಜೋಡಿಸಬೇಕು. ಆ ಬಳೆಯನ್ನು ಸರಿಸುವ ಕೆಲಸವನ್ನು ಗಾಡಿ ಮಾಡಿದ ಜಾಣರು ಕಬ್ಬಿಣದ ಸರಳಿಗೆ ಕೊಡಲಿಲ್ಲ, ಗಾಳಿಗೆ ಕೊಟ್ಟರು. ಗಾಳಿಗೂ ಅಲ್ಲ, ಗಾಳಿ ಇಲ್ಲದಿರುವಿಕೆಗೆ. ಎಂಜಿನ್ ಪಕ್ಕದ ಪಂಪು ಗಾಳಿ ಎಳೆದರೆ, ತಗಡಿನ ಬಟ್ಟಲೊಳಗಿನ ರಬ್ಬರ್ ತೊಗಲು ಬಳೆಯನ್ನು ಎಳೆಯುತ್ತದೆ. ನನ್ನ ಜೀಪಿನಲ್ಲಿ ಆ ತೊಗಲು ಹರಿದಿತ್ತು, ಪೈಪು ಬಿರಿದಿತ್ತು.

“ಇದನ್ನ ರಿಪೇರಿ ಮಾಡೂದಕಿಂತ ಪೂರಾ ತಗದ ಒಗ್ಯೂದ ಚಲೋ,” ಎಂದ ಮಿಸ್ತ್ರಿ. “ಬಳಿ ಜೋಡಿಸಿದಂಗ ಕಾಯಂ ಕುಂದರಸ್ತೀನಿ. ಗಾಳಿ ಲೈನಿಗೆ ಕ್ಯಾಪ್ ಬೇಕು, ಸಾಂಗ್ಲಿಂದ ಬರಬೇಕು. ಮೂರ ದಿನ ಗಾಡಿ ಇಲ್ಲೇ ಬಿಡ್ರಿ. ಬ್ರೇಕಿಗೂ ಇದ ಗಾಳಿ ಐತಿ ಮತ್ತ.”

ನಾನು ಬಿಡಲಿಲ್ಲ. ಎರಡು ದಿನ ಕಳೆದರೆ ಮಹಾದೇವನಿಗೆ ಹೆಣ್ಣು ನೋಡಲು ಹೋಗುವುದಿತ್ತು. ಹೆಣ್ಣಿನವರು ಜೀಪು ನೋಡದಿದ್ದರೆ ಹೇಗೆ? ಆ ದಿನ ಬೆಳಿಗ್ಗೆ ಯಾರೂ ಏಳುವ ಮೊದಲು ಪೈಪನ್ನು ಬಿರಿದ ಜಾಗದ ಈಚೆಗೆ ಕತ್ತರಿಸಿ, ಜೋಳದ ದಂಟಿನ ತುಂಡಿಗೆ ದಾರ ಸುತ್ತಿ, ಲೈನಿನೊಳಕ್ಕೆ ಗಾಳಿ ನುಗ್ಗಿ ಬ್ರೇಕು ಕೆಡದಂತೆ ಬೂಚು ಜಡಿದೆ. ಬ್ರೇಕು ಒತ್ತಿದೆ. ಬೆಣ್ಣೆಯಂತಿತ್ತು. ಮಕ್ಕಳಿಗೆ ವಿಜ್ಞಾನ ಕಲಿಸುವವನಲ್ಲವೇ ನಾನು.

ಇನ್ನು ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಹೆಣ್ಣು ನೋಡಿಕೊಂಡು ಮರಳುತ್ತಿದ್ದೆವು. ಪಕ್ಕದಲ್ಲಿ ಮಹಾದೇವ, ಹಿಂದೆ ಹೆಂಡತಿ. ಮುಚ್ಚಂಡಿಯ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಅದರ ಮುಂದಿನಿಂದ ತಲೆಯ ಮೇಲೆ ಮೂಟೆ ಹೊತ್ತ ಹೆಂಗಸೊಬ್ಬಳು ರಸ್ತೆಗೆ ಬಂದಳು. ಬ್ರೇಕು ಒತ್ತಿದೆ. ಪೆಡಲು ಕಲ್ಲಾಗಿತ್ತು. ಎರಡೂ ಕಾಲಲ್ಲಿ ತುಳಿದೆ, ಕೈಬ್ರೇಕು ಎಳೆದೆ. ಜೀಪು ನಿಂತಾಗ ಬಂಪರಿಗೂ ಅವಳ ಮೊಣಕಾಲಿಗೂ ನಡುವೆ ಒಂದು ಗೇಣು. ಒಂದಕ್ಕಿಂತ ಹೆಚ್ಚಿರಲಿಲ್ಲ.

ಅವಳು ಮೂಟೆಯನ್ನು ಬಾನೆಟ್ಟಿನ ಮೇಲಿಳಿಸಿ, ಉಸಿರು ತಿರುಗಿದ ಮೇಲೆ ಕೇಳಿದಳು: “ಗಾಡಿ ಹೊಡ್ಯಾಕ ಕಲತೀರಿ. ನಿಲ್ಲಸಾಕ ಬ್ಯಾರೆ ಸಾಲಿ ಐತೇನ್ರಿ?”

ಮಂದಿ ಕೂಡಿತು. ಈ ಗಾಡಿಯ ಕೆಲಸ ಮಾಡುವವರು ಯಾರು ಎಂದು ಯಾರೋ ಕೇಳಿದರು. ನನ್ನ ಬುದ್ಧಿ ಚುರುಕಾಗಿಯೇ ಇತ್ತು. “ಮೊನ್ನಿ ದಸ್ತಗೀರ ಮಿಸ್ತ್ರಿ ನೋಡಿದ್ದ,” ಎಂದೆ. ಮಾತಿನಲ್ಲಿ ಒಂದಕ್ಷರವೂ ಸುಳ್ಳಿಲ್ಲ ನೋಡಿ. ಮಹಾದೇವ ಅದನ್ನೇ ಜತ್ತದ ಚಾದಂಗಡಿಯಲ್ಲಿ ಹೇಳಿದ. ಮಿಸ್ತ್ರಿಯ ಬಳಿ ಬರುತ್ತಿದ್ದ ಶಾಲೆಯ ವ್ಯಾನು ಬೇರೆ ಗ್ಯಾರೇಜಿಗೆ ಹೋಯಿತು. ಅದರ ಹಿಂದೆ ಮತ್ತಷ್ಟು ಗಾಡಿಗಳು ಹೋದವು.

ಆಮೇಲೆ ಜೀಪನ್ನು ಅವನಲ್ಲೇ ಬಿಟ್ಟಾಗ, ಮಿಸ್ತ್ರಿ ನನ್ನ ಕೆಲಸವನ್ನು ಮಾತ್ರ ಹೇಳಿದಂತೆಯೇ ಮಾಡಿದ. ಬಟ್ಟಲು ತೆಗೆದ, ಬಳೆಯನ್ನು ಜೋಡಿಸಿ ಕೂರಿಸಿದ, ಲೈನಿಗೆ ಕ್ಯಾಪು ಹಾಕಿದ. ಕೈ ಒರೆಸಿಕೊಳ್ಳುತ್ತ ಕೇಳಿದ: “ಪೈಪಿಗೆ ಯಾರರ ಕೈ ಹಚ್ಚಿದ್ರೇನ್ರಿ ಮಾಸ್ತರ್ರ?”

“ಇಲ್ಲಲ್ಲ,” ಎಂದೆ.

ತೆಗೆದ ಹಳೆಯ ಸಾಮಾನನ್ನು ಗಿರಾಕಿಗೇ ಮರಳಿಸುವುದು ಆತನ ಪದ್ಧತಿ. ಪತ್ರಿಕೆಯಲ್ಲಿ ಸುತ್ತಿ ಕೈಗಿಟ್ಟ. “ನಿಮ್ಮ ಸಾಮಾನ ನಿಮ್ಮ ಕಡಿ ಇರಲಿ. ಮನಿಗೆ ಹೋಗಿ ಬಿಚ್ಚಿ ನೋಡ್ರಿ.” ನೋಡಲಿಲ್ಲ. ಕೆಟ್ಟ ರಬ್ಬರಿನಲ್ಲಿ ನೋಡುವುದೇನಿದೆ ಎಂದುಕೊಂಡೆ.

ಮೊನ್ನೆ ಬಿಚ್ಚಿದೆ. ಬಟ್ಟಲು, ಹರಿದ ತೊಗಲು, ಪೈಪು. ಪೈಪನ್ನು ಮಿಸ್ತ್ರಿ ಅವರೆಕಾಯಿ ಸುಲಿದಂತೆ ಉದ್ದಕ್ಕೆ ಸೀಳಿದ್ದ. ಒಳಗೆ ಎರಡು ಬೆರಳಿನಾಳಕ್ಕೆ ಎಳೆದುಕೊಂಡು ಹೋಗಿ, ಒಣಗಿ ಸೊರಗಿದ ನನ್ನ ಜೋಳದ ದಂಟು. ಅದು ಒಳಗೆ ಸರಿದು ಲೈನಿಗೆ ಗಾಳಿ ನುಗ್ಗಿದ್ದಕ್ಕೇ ಅವತ್ತು ಪೆಡಲು ಕಲ್ಲಾದದ್ದು.

“ಇದು ನನ್ನ ಕೆಂಪ ದಾರ ಅಲ್ಲೇನ್ರಿ?” ಎಂದಳು ಹೆಂಡತಿ. “ಆವಾಗ ಎಷ್ಟ ಹುಡುಕಿದ್ದೆ.”

ಮರುದಿನ ಗಂಟು ಹಿಡಿದು ಜತ್ತಕ್ಕೆ ಹೋದೆ. ಮಿಸ್ತ್ರಿ ಅದೇ ಚಾದಂಗಡಿಯಲ್ಲಿ ಕುಳಿತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಮೇಜಿನ ಮೇಲೆ ಗಂಟು ಬಿಚ್ಚಿ, ದಂಟು ಜಡಿದವನು ನಾನೇ ಎಂದು ಅಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದೆ.

“ಬಿಚ್ಚಾಕ ಒಂಬತ್ತು ವರ್ಷ ಬೇಕಾತ್ರೇನು?” ಎಂದ. “ಕುಂದ್ರಿ. ಅವತ್ತ ನೀವು ಸುಳ್ಳ ಹೇಳಲಿಲ್ಲ ಬಿಡ್ರಿ. ಗಾಡಿ ನಾ ನೋಡಿದ್ದು ಖರೇ. ನೀವು ಅರ್ಧಾ ಹೇಳಿದ್ರಿ.”

ನಾನು ಎದುರಿನ ಬೆಂಚಿನ ಮೇಲೆ ಕುಳಿತೆ.

“ಅವತ್ತ ಇಲ್ಲಿ ಕುಂತ ಕೇಳಿದಾವ್ರಾಗ ಇಬ್ರು ತೀರಿಕೊಂಡಾರ. ವ್ಯಾನಿನಾಂವ ಮೀರಜಕ್ಕ ಹೋಗ್ಯಾನ. ಅವರಿಗೆ ಯಾರ ಹೇಳಾವ್ರು?”

“ಬರೀತೀನಿ,” ಎಂದೆ.

“ಬರೀರಿ. ಈ ಸಲ ಪೂರ್ತಿ ಬರೀರಿ.”

ಚಾದಂಗಡಿಯವನಿಂದ ಒಂದು ಹೊಸ ಪತ್ರಿಕೆ ಇಸಿದುಕೊಂಡು, ಬಟ್ಟಲು, ತೊಗಲು, ಪೈಪು, ದಂಟು ಎಲ್ಲವನ್ನೂ ಮೊದಲಿನಷ್ಟೇ ಬಿಗಿಯಾಗಿ ಕಟ್ಟಿ ನನ್ನ ಕೈಗಿಟ್ಟ. “ನಿಮ್ಮ ಸಾಮಾನ.”

ಗಂಟು ಈಗ ಕಪಾಟಿನ ಮೇಲಿಲ್ಲ. ಬರೆದ ಈ ಹಾಳೆಗಳು ಹಾರದಂತೆ ಅವುಗಳ ಮೇಲಿಟ್ಟಿದ್ದೇನೆ.