ಅಳಿಯ ಅಡುಗೆಮನೆಗೆ ಹೋದ ಸಂಜೆ

ಅಪ್ಪನ ತಂಗಿ, ಅಂದರೆ ನನ್ನ ಅತ್ತೆ, ಡೆಂಗ್ಯೂ ಬಂದು ಮಲಗಿದ್ದಾಗ ಮಾವ ಗೆಳೆಯರ ಜೊತೆ ಅರಸೀಕೆರೆಯಲ್ಲಿ ರೈಲು ಹತ್ತಿ ಗೋವಾ ನೋಡಲು ಹೋದರು. ಟಿಕೆಟ್ ಮೊದಲೇ ಆಗಿತ್ತಂತೆ. ಅವರು ಮೈ ಕಪ್ಪಗೆ ಮಾಡಿಕೊಂಡು ತಮ್ಮೂರು ಹಗರೆಗೆ ವಾಪಸಾಗುವಷ್ಟರಲ್ಲಿ ಅಪ್ಪ ತಂಗಿಯನ್ನು ಬಸ್ತಿಹಳ್ಳಿಯ ನಮ್ಮ ಮನೆಗೆ ಕರೆತಂದಾಗಿತ್ತು. ಜ್ವರ ಬಿಟ್ಟಿತು. ಅತ್ತೆ ಮಾತ್ರ ಹಗರೆಗೆ ಹೋಗುವ ಮಾತೇ ಎತ್ತಲಿಲ್ಲ.

ಆಮೇಲೆ ಶುರುವಾಯಿತು ಮಾವನ ಸವಾರಿ. ದಿನಾ ಸಂಜೆ ಡೈರಿಗೆ ಹಾಲು ಹಾಕಿ, ಬೈಕ್ ಹತ್ತಿ, ಸರಿಯಾಗಿ ಧಾರಾವಾಹಿಯ ಹೊತ್ತಿಗೆ ನಮ್ಮಲ್ಲಿ ಹಾಜರು. ಎಷ್ಟಾದರೂ ಅಳಿಯ, ಅಜ್ಜಿ ಮುಖ ಊದಿಸಿಕೊಂಡೇ ಕಾಫಿ ಕೊಡುತ್ತಿದ್ದರು. ಅವರು ಬರುತ್ತಿದ್ದದ್ದು ಬಿಸಿ ಊಟಕ್ಕೆ, ಅತ್ತೆಗಾಗಿ ಅಲ್ಲ ಎಂಬುದು ನನ್ನ ಗುಮಾನಿ.

ಧಾರಾವಾಹಿಯಲ್ಲೂ ಅಂಥವನೇ ಒಬ್ಬ ಗಂಡ. ಹೆಂಡತಿಯನ್ನು ನಡುನೀರಿನಲ್ಲಿ ಕೈಬಿಟ್ಟು ಹೋದವನು ಈಗ ಬಾಗಿಲಲ್ಲಿ ನಿಂತು ವಾರಗಟ್ಟಲೆ ಅಳುತ್ತಿದ್ದ. ಅವನನ್ನು ಒಳಗೆ ಬಿಡಬೇಕೋ ಬೇಡವೋ ಎಂದು ನಮ್ಮಲ್ಲಿ ದಿನವೂ ಪಂಚಾಯಿತಿ. ಪಾಪ, ಬಿಡಲಿ ಅಂತ ಅಮ್ಮ. ಕತ್ತು ಹಿಡಿದು ನೂಕಬೇಕು ಅಂತ ನಾನು. ಗಂಡಸಾದವನು ತಪ್ಪು ಮಾಡುವುದು ಸಹಜ, ಎಷ್ಟು ಸೊರಗಿದ್ದಾನೆ ನೋಡಿ ಎಂದು ಮಾವ ಅವನ ವಕೀಲರಂತೆ ವಾದಿಸುತ್ತಿದ್ದರು. ಮಾತು ಯಾರ ಬಗ್ಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ನನಗಂತೂ ಮೈಯೆಲ್ಲ ಉರಿಯುತ್ತಿತ್ತು.

ಒಂದು ಸಂಜೆ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದರು:

"ಅಳೋದೇನೋ ಚೆನ್ನಾಗೇ ಅಳ್ತಾನೆ. ಒಂದಿನಾನಾದ್ರೂ ಅವ್ಳಿಗೆ ಉಣ್ಣಕ್ಕೆ ಇಕ್ಕವ್ನಾ?"

ಮಾವ ಎದ್ದು ಸೀದಾ ಅಡುಗೆಮನೆಗೆ ಹೋದರು. ಅಜ್ಜಿಗೆ ಗಾಬರಿ. ಅಳಿಯನಾದವನು ಹೆಂಡತಿಯ ತವರಿನಲ್ಲಿ ಬಡಿಸಿದ್ದು ಉಣ್ಣಬೇಕೇ ಹೊರತು ಒಲೆ ಮುಂದೆ ನಿಲ್ಲುವುದುಂಟೇ, ಊರವರು ಏನಂದಾರು ಎಂದು ಓಡಿಹೋಗಿ ಬೀದಿ ಕಡೆಯ ಕಿಟಕಿ ಹಾಕಿದರು. ಒಳಗಿನಿಂದ ಮುದ್ದೆ ಕೋಲು ಪಾತ್ರೆಗೆ ಬಡಿಯುವ ಸದ್ದು ಕೇಳುತ್ತಲೇ ಇತ್ತು. ಅತ್ತೆ ಕೂತಲ್ಲಿಂದ ಕದಲಲಿಲ್ಲ.

ಎಸರು ಕುದಿಯುವ ಮೊದಲೇ ಹಿಟ್ಟು ಸುರಿದು ತಿರುವಿದ್ದರು ಪುಣ್ಯಾತ್ಮ. ನುಂಗಬೇಕಾದ ಮುದ್ದೆಯನ್ನು ನಾವೆಲ್ಲ ಅಗಿದು ತಿಂದೆವು. ಗಂಟು ಒಡೆದರೆ ಒಳಗೆ ಹಸಿ ಹಿಟ್ಟು. ಅಪ್ಪ ನಗು ತಡೆಯಲಾರದೆ ನೀರು ಕುಡಿಯುತ್ತಲೇ ಇದ್ದರು. ಅತ್ತೆ ಮಾತ್ರ ಗಂಭೀರವಾಗಿ ಪೂರ್ತಿ ಉಂಡರು. ಮೀಸೆಗೆಲ್ಲ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಮಾವ ಮೆಲ್ಲಗೆ ಕೇಳಿದರು:

"ಈಗಲಾದ್ರೂ ಮನೆಗೆ ಬತ್ತೀಯೇನೇ?"

ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡರು.

"ನಾಳೆನೂ ಬನ್ನಿ. ಎಸ್ರು ಕುದಿಯೋವರ್ಗೂ ಕಾಯೋದು ಕಲೀರಿ. ಆಮೇಲೆ ನೋಡಾನ."

ಮಾವ ಆಗಲಿ ಎಂದು ತಲೆಯಾಡಿಸಿ, ತಳ ಹಿಡಿದ ಪಾತ್ರೆಯನ್ನು ಬಚ್ಚಲಿಗೆ ಒಯ್ದು ತಿಕ್ಕಲು ಕೂತರು. ತಿಕ್ಕಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಸುಳ್ಳೇಕೆ, ನನಗೂ ಖುಷಿಯಾಯಿತು.